ಮೂರು ದಿನದ ಟೆಸ್ಟು

...ಹಾಂ, ಕರೆಂಟ್ ಬಂತು. ಡಬ್ಬಿ ತನಕ ಬಂದಿದ್ದೆ. ಲ್ಯಾಬಿನ ಸಂಘಮಿತ್ರಾ ಮೇಡಮ್ಮಾರು ಡಬ್ಬಿ ಕೊಟ್ರು, ನಾ ಸುಣ್ಣದ ಡಬ್ಬಿ ಅನ್ಕೊಂಡು ಕಿಸೆದಾಗ ಹಾಕ್ಕೊಂಡೆ. ನಗಬ್ಯಾಡ್ರಿ! ಮೈಕ್ ಸತ್ತಿತ್ತು, ಹಿಂದಿನೋರಿಗೆ ಕೇಳಿಲ್ಲ, ಮತ್ತೊಮ್ಮೆ ಅಂತೀನಿ: ಅಧ್ಯಕ್ಷರ ಕುರ್ಚ್ಯಾಗ ಕುಂತ ರೈಸ್‌ಮಿಲ್ ಜಡೆಪ್ಪ ಸಾಹುಕಾರ್ರ, ಇವತ್ತ ಹೊಸಪೇಟಿಗೆ ವಾಪಸ್ ಹೊಂಟ ಲ್ಯಾಬಿನವರ, ಎಮ್ಮಿಗನೂರಿನ ನನ್ನ ಸಭಿಕರ, ಕಬ್ಬು ಕಡಿಯೋ ಕೆಂಚಣ್ಣನ ಶರಣು.

ಈ ಲ್ಯಾಬಿನವರು ಯಾಕ ಬಂದಿದ್ರು? ನಮ್ಮ ಹೊಟ್ಟ್ಯಾಗಿನ ಲಾಡಿಹುಳ ಹುಡುಕಾಕ. ಎರಡು ಟೆಸ್ಟ್ ತಂದಿದ್ರು, ಯಾವುದು ಜಾಣ ಅಂತ ನೋಡಾಕ. ಹಳೇದು ಅಂದ್ರ ಮೈಕ್ರೋಸ್ಕೋಪಿನಾಗ ಕಣ್ಣಿಟ್ಟು ಹುಳದ ತತ್ತಿ ಹುಡುಕೋದು. ಹುಳದ ತತ್ತಿ ದಿನಾ ಸಿಗಂಗಿಲ್ಲ, ಅದಕ್ಕ ಮೂರು ದಿನ ಮುಂಜಾನಿ ಮಲ ಹಾಕಿ ಡಬ್ಬಿ ಕೊಡಬೇಕು. ಹೊಸದು ಹಂಗಲ್ಲ. ತತ್ತಿ ಇಲ್ಲದಿದ್ರೂ ಹುಳದ ಗುರುತು ಹಿಡೀತೈತಿ. ಒಂದ ಡಬ್ಬಿ ಸಾಕು.

ನಂದೇನಾತು? ಹಳೇದು ಮೂರು ದಿನಾನೂ "ಏನಿಲ್ಲ" ಅಂತು. ಹೊಸದು ಮೊದಲನೇ ಡಬ್ಬಿಗೇ "ಐತಿ" ಅಂತು. ಅರ್ಧಮರ್ಧ ಬೆಂದ ಹಂದಿ ಮಾಂಸ ತಿಂದಿದ್ದೆ ನೋಡ್ರಿ, ಬಾಡಿಗಿ ಕೊಡದ ಒಳಗ ಕುಂತಿತ್ತು, ಮಗಂದು! ಗುಳಿಗಿ ನುಂಗಿದೆ, ಖಾಲಿ ಮಾಡಿತು.

ಹಂಗಾರ ಗೆದ್ದದ್ದು ಯಾವುದು? ಹೊಸದು. ಚಪ್ಪಾಳಿ ಹೊಡೀರಿ. ಆದ್ರ ನನಗ ಹಳೇದ ಚಲೋ ಅನಸ್ತೈತಿ.

ಯಾಕ? ಆ ಮೂರು ದಿನ ಮುಂಜಾನಿ ಮೇಡಮ್ಮಾರು ಬಾಗಲಿಗೆ ಬಂದು "ಕೆಂಚಣ್ಣಾರ, ಆತೇನ್ರಿ?" ಅಂತಿದ್ರು. "ಇಲ್ರೀ" ಅಂತಿದ್ದೆ. "ಬಿಸಿನೀರು ಕುಡೀರಿ, ಕಾಯ್ತೀನಿ" ಅಂತ ಕಟ್ಟಿಮ್ಯಾಲ ಕುಂದರ್ತಿದ್ರು. ಅದೂ ಇದೂ ಮಾತಾಡ್ತಿದ್ವಿ. ಖರೇ ಹೇಳ್ಲಾ? ಡಬ್ಬಿ ಆಗಲೇ ರೆಡಿ ಇರ್ತಿತ್ತು.

ನನ್ನ ಹೆಂಡ್ತಿ ಕರೆಮ್ಮ ಇದ್ದಾಗ ಹಿಂಗ ಕೇಳ್ತಿದ್ಲು. "ಆತೇನು? ಚಾ ಕುಡದಿ? ರಾತ್ರಿ ಯಾಕ ಕೆಮ್ಮಿದಿ?" ನಾ ಬೈತಿದ್ದೆ, "ಲೇ, ನೀ ಪೊಲೀಸ್ ಆಗಬೇಕಿತ್ತು" ಅಂತ. ಅಕಿ ತೀರಿಕೊಂಡ ಮ್ಯಾಲ ನಾ ಎದ್ದೆನೋ ಇಲ್ಲೋ ಯಾರು ಕೇಳ್ಯಾರ? ನೀವೆಲ್ಲಾ "ಕೆಂಚಣ್ಣ, ಒಂದೀಟು ನಗಸು" ಅಂತೀರಿ. ನಗಸ್ತೀನಿ. ಮನಿಗೆ ಹೋದ್ರ ಬೀಗ ನಾನ ತಗೀಬೇಕು.

ಇರ್ಲಿ ಬಿಡ್ರಿ. ಹುಳ ಪೂರಾ ಹೋತೋ ಇಲ್ಲೋ ಅಂತ ಎರಡು ತಿಂಗಳಿಗೆ ಮತ್ತ ನೋಡಬೇಕಂತ. ಹೊಸ ಟೆಸ್ಟಿಗೆ ಯಾರೂ ಬರೋದು ಬ್ಯಾಡ, ಕಂಪ್ಲಿ ದವಾಖಾನಿಗೆ ಒಂದ ಡಬ್ಬಿ ಮುಟ್ಟಿಸಿದ್ರ ಸಾಕಂತ. ಮೇಡಮ್ಮಾರ, ಕೈ ಮುಗೀತೀನಿ, ನನಗ ಹಳೇದ ಮಾಡ್ರಿ. ಮೂರು ದಿನದ್ದು.

ಏನ್ರೀ? ಹಿಂದ ಊಟದ ಎಲಿ ಹಾಕೋ ಕಡಿಂದ ಮೇಡಮ್ಮಾರು ಕೈ ಮಾಡಾಕತ್ತಾರ. ಜೋರಾಗಿ ಅನ್ರಿ, ಕೇಳವಲ್ದು!

"ಕೆಂಚಣ್ಣಾರ, ಊಟ ಆತೇನ್ರಿ?" ಅಂತ ಕೇಳಾಕತ್ತಾರ.

ಇಲ್ರೀ! ಈ ಸಲ ಖರೇನ ಇಲ್ಲ. ಬಾಜೂಕ ಎಲಿ ಹಿಡೀರಿ, ಬಂದೆ. ಕುಂತು ಕೇಳಿದ ನಿಮಗೆಲ್ಲಾ ಉಪಕಾರ ಆತು. ನಮಸ್ಕಾರ.