ಬಲಗಡೆ ಬಿದ್ದ ಹೂ

…ಬಲಗಡೆನೇ ಬಿತ್ತು, ನಾನೇ ಕಣ್ಣಾರೆ ಕಂಡದ್ದು, ಅದ್ರಲ್ಲಿ ಸುಳ್ಳಿಲ್ಲ ಮಗಾ. ನೀನೀಗ ಪರೀಕ್ಷೆ ಪಾಸಾಗ್ತೇನಾ ಅಂತ ದೇವಿ ಹತ್ರ ಹೂ ಪ್ರಸಾದ ಕೇಳ್ಕಂಡು ಬಂದು ಕುಣೀತಾ ಇದ್ದೀಯಲ್ಲ, ಅದಕ್ಕೇ ಹೇಳ್ತೆ. ಆಗ ಬೇಲೆಕೇರಿಗೆ ಅದಿರಿನ ಲಾರಿ ಬರ್ತಿದ್ವು, ಊರೆಲ್ಲ ಕೆಂಪು ಧೂಳು. ನಿಮ್ಮಜ್ಜ ಬೆಳಿಗ್ಗೆ ಒಬ್ರೇ ಪಾತಿ ದೋಣಿ ತಕಂಡು ಹೋದವ್ರು. ಒಂಬತ್ತಕ್ಕೆ, ಅಲ್ಲ, ಹತ್ತಾಗಿತ್ತೋ ಏನೋ, ಗಾಳಿ ಎದ್ತು. ಬೇರೆ ದೋಣಿ ಎಲ್ಲ ದಡಕ್ಕೆ ಬಂದ್ವು, ಇವ್ರದ್ದಿಲ್ಲ. ನಾನೂ ನಮ್ಮತ್ತೇನೂ ದೇವಿ ಗುಡಿಗೆ ಓಡಿದ್ವು. ಪೂಜಾರಿ ದೇವಿಯ ಎರಡೂ ಭುಜಕ್ಕೆ ಒದ್ದೆ ಎಸಳು ಅಂಟಿಸಿ, "ಮನಸ್ಸಲ್ಲೇ ಕೇಳ್ಕಳಿ" ಅಂದ್ರು. ಬಲದ್ದು ಬಿದ್ರೆ ಹೌದು, ಎಡದ್ದು ಬಿದ್ರೆ ಅಲ್ಲ, ಗೊತ್ತಲ್ಲ ನಿಂಗೆ. ಎಷ್ಟು ಹೊತ್ತಾದ್ರೂ ಬೀಳೂದಿಲ್ಲ. ಆಮೇಲೆ ಬಲದ್ದು ಬಿತ್ತು ನೋಡು, ಮೈಯೆಲ್ಲ ಜುಂ ಅಂತು, ಯಾರೋ ಬೆನ್ನು ಸವರಿದ ಹಾಗೆ, ಬೆಚ್ಚಗೆ. ಬರ್ತಾರೆ ಅಂತ ದೇವಿನೇ ಹೇಳ್ದ ಹಾಗಾಯ್ತು ನಂಗೆ. ತಿರುಗಿ ನೋಡಿದ್ರೆ ಅತ್ತೆ ನೆಲಕ್ಕೆ ಕುಸಿದು ಎದೆ ಬಡ್ಕಳ್ತಿದ್ರು. ಅವ್ರಿಗೂ ಮೈ ಜುಂ ಅಂದಿತ್ತಂತೆ, ಆದ್ರೆ ತಣ್ಣಗೆ, ನೀರು ಹೊಕ್ಕ ಹಾಗೆ. "ಎಂತ ಕೇಳಿದ್ರಿ ಅತ್ತೇ?" ಅಂದೆ. "ನನ್ನ ಮಗನ್ನ ಸಮುದ್ರ ತಕಂಡು ಹೋಯ್ತಾ ಅಂತ ಕೇಳ್ದೆ" ಅಂದ್ರು. ನಾ ಕೇಳಿದ್ದು ಬರ್ತಾರಾ ಅಂತ. ಹೂ ಒಂದೇ.

ನಮ್ಮ ಮಾವನ್ನೂ ಹಿಂದೆ ಸಮುದ್ರನೇ ತಕಂಡು ಹೋಗಿತ್ತು, ಅತ್ತೆ ಮನಸ್ಸಿಗೆ ಬೇರೆ ಪ್ರಶ್ನೆ ಬರೂದು ಹ್ಯಾಂಗೆ. ಆದ್ರೆ ಆಗ ಇದೆಲ್ಲ ಹೊಳೀಲಿಲ್ಲ, ಸಿಟ್ಟೇ ಬಂತು. ಅವ್ರು ಮೂಲೇಲಿ ಮುಸುಕು ಹಾಕಿ ಕೂತ್ರು. ನಾನು, ಇವ್ರು ಹಸ್ಕಂಡು ಬರ್ತಾರೆ ಅಂತ ಅನ್ನಕ್ಕಿಟ್ಟೆ, ಬಂಗಡೆ ಸಾರು ಮಾಡ್ದೆ. ಗಾಳಿ ಇಳಿದಿತ್ತು. ದಡಕ್ಕೆ ಹೋಗಿ ಒಂದು ದೋಣಿ ಬಿಡಿ ಅಂತ ಇಬ್ರಲ್ಲಿ ಒಬ್ರೂ ಕೇಳ್ಳಿಲ್ಲ, ಹೂ ಬಿತ್ತಂತೆ ಅಂತ ಊರವ್ರೂ ಸುಮ್ಮನಿದ್ರು. ಸಂಜೆ ಪಕ್ಕದ ಮನೆ ಭಾವ ಕಾರವಾರದಿಂದ ಬಂದವ್ರು, "ಯಾರು ಹುಡುಕೂಕೆ ಹೋದ್ರು?" ಅಂದ್ರು. ನಾ ಹೂವಿನ ಸುದ್ದಿ ಹೇಳ್ದೆ. "ಹೂ ಇರ್ಲಿ ತಂಗೀ, ದೋಣಿ ಹೋಯ್ತಾ?" ಅಂದ್ರು. ಅವ್ರೇ ಇಂಜಿನ್ ದೋಣಿ ತಕಂಡು ಹೋದ್ರು. ಕತ್ತಲಾಗೂಕೆ ಮುಂಚೆ ಸಿಕ್ಕಿದ್ರು ನಿಮ್ಮಜ್ಜ, ಮಗುಚಿದ ಪಾತಿ ತಬ್ಕಂಡು, ಕೈ ಚರ್ಮ ಸುಲಿದು.

ಮೂರನೇ ದಿನ ಅಜ್ಜ ಕೇಳಿದ್ರು, "ಮಧ್ಯಾಹ್ನ ಪೂರಾ ಕೂಗ್ತಾ ಇದ್ದೆ, ದಡ ಕಾಣ್ತಿತ್ತು. ನೀ ಎಂತ ಮಾಡ್ತಿದ್ದೆ?" ಅನ್ನ ಮಾಡ್ತಿದ್ದೆ ಅಂತ ಹೇಳೂಕೆ ಬಾಯಿ ಬರ್ಲಿಲ್ಲ ಮಗಾ. ಇವತ್ತಿಗೂ ಹೇಳ್ಳಿಲ್ಲ. ಮೆಲ್ಲಗೆ ಮಾತಾಡು, ಅಜ್ಜ ಒಳಗೆ ಮಲಗಿದಾರೆ. ದೇವಿ ಸುಳ್ಳಾಡಿದ್ಲು ಅಂತ ನಾ ಹೇಳೂದಿಲ್ಲ. ಹೂ ಬಿದ್ರೆ ಕೈ ಮುಗಿ, ಮುಗಿದಾದ್ಮೇಲೆ ದೋಣಿ ನೂಕು. ಹೋಗು, ಪುಸ್ತಕ ತೆಗಿ.