ಕಳಿಸುವ ಬಡಿತ

ಗುಂಡ್ಲುಪೇಟೆ ಬಸ್ ನಿಲ್ದಾಣದಲ್ಲಿ ನನ್ನ ಎದುರಿನ ಬೆಂಚಿನಲ್ಲಿ ತೊಡೆಯ ಮೇಲೆ ತಮಟೆ ಇಟ್ಟುಕೊಂಡು ಒಬ್ಬ ಮುದುಕ ಕೂತಿದ್ದ. ಪಕ್ಕದಲ್ಲಿ ಅವನ ಹೆಂಡತಿ.

“ದೆವ್ವದ ಪಿಚ್ಚರ್‌ಗೆ ನೀನ್ಯಾಕೆ ತಮಟೆ ಬಡ್ಯಕ್ಕೋದೆ?”

“ಕೇಳುದ್ರು, ಬಡ್ಯಕ್ಕೋದೆ. ದೆವ್ವವ ಮೈಮೇಲೆ ಕರಿಯೋ ಬಡ್ತಾನೂ ಬಡ್ದೆ, ಕಳ್ಸೋ ಬಡ್ತಾನೂ ಬಡ್ದೆ. ಅವ್ರು ಪಿಚ್ಚರಲ್ಲಿ ಕರಿಯೋದ ಮಾತ್ರ ಇಕ್ಕವ್ರೆ.”

“ಅದ್ಕೆ ದಿನಾ ಚಂದಕವಾಡಿಯಿಂದ ಬಂದು ಟಾಕೀಸ್ ಬಾಗ್ಲಲ್ಲಿ ಕಳ್ಸೋದ ಬಡೀಬೇಕಾ?”

“ಕರ್ದೋನೇ ಕಳುಸ್ಬೇಕು ಕಣಮ್ಮಿ. ಆಟ ನೋಡ್ದೋರು ಅಂಗೇ ಮನೆಗೋದ್ರೆ?”

“ಅನ್ನೆರಡು ದಿನಾಯ್ತು. ನನ್ ಕಾಲು ಊದ್ಕಂಡವೆ.”

“ಇನ್ ಇಲ್ಲಿ ಬಡಿಯಂಗಿಲ್ಲ. ಪಿಚ್ಚರ್ ಎತ್ಬುಟ್ಟವ್ರೆ.”

“ಸದ್ಯ. ಊರ್ಗೋಗನ ನಡಿ.”

“ಇವತ್ತಿಂದ ಅದು ನಂಜನಗೂಡಲ್ಲಂತೆ.”

ಆಕೆ ಎದ್ದು, ತಮಟೆಯನ್ನು ತನ್ನ ಹೆಗಲಿಗೆ ಹಾಕಿಕೊಂಡು, ನಂಜನಗೂಡಿನ ಬಸ್ಸು ಎಲ್ಲಿ ನಿಲ್ಲುತ್ತದೆಂದು ನನ್ನನ್ನು ಕೇಳಿದಳು.