ಆಂಜಿನಯ್ಯನ ಉಸಿರು

ನಗೋರು ಈಗಲೇ ನಕ್ಕುಬಿಡಿ, ಆಮೇಲೆ ನಗು ಬರಲ್ಲ. ನಮ್ಮ ಚಿಕ್ಕಪ್ಪನ ಮಗ ಲೋಹಿತನಿಗೆ, ಇದೇ ಚಾಮರಾಜಪೇಟೆಯಲ್ಲಿ, ಹೋದ ಕಾರ್ತೀಕದಲ್ಲಿ ಆಗಿದ್ದು ಇದು.

ಅರಳಿಕಟ್ಟೆ ಪಕ್ಕ ಕಲ್ಲುಚಪ್ಪಡಿ ಮುಚ್ಚಿದ ಬಾವಿ ಇದೆಯಲ್ಲ... ರಾತ್ರಿ ಅದನ್ನು ದಾಟಿ ಮನೆಗೆ ಬರುತ್ತಿದ್ದ. ಹಳೇ ಕಂಪ್ಯೂಟರ್ ಹುಚ್ಚಿನವನು. ಬ್ಯಾಗಲ್ಲಿ ವೆಂಕಟಾಚಲ ಕೊಟ್ಟ ಅಂಗೈಯಗಲದ ಬೋರ್ಡ್. ಅದನ್ನು ಕಂಪ್ಯೂಟರಿನ ಸೌಂಡ್ ಕಾರ್ಡ್ ಮೇಲೆ ಕೂರಿಸಿ ಕೀ ಒತ್ತಿದರೆ, ಚಿಪ್‌ನಲ್ಲಿ ತುಂಬಿಟ್ಟ ವಾದ್ಯ ನುಡಿಯುತ್ತೆ. ಇದರಲ್ಲಿ ತುಂಬಿದ್ದು ಓಲಗದ ಆಂಜಿನಯ್ಯನ ನಾದಸ್ವರ.

ಈ ವೆಂಕಟಾಚಲ ಒಂದು ಕಾಲದಲ್ಲಿ ಭಕ್ತಿಗೀತೆ ಕ್ಯಾಸೆಟ್ ಮಾಡುತ್ತಿದ್ದವನು. ಉಬ್ಬಸದ ರೋಗಿ. ಮಾತಿಗೊಮ್ಮೆ ಎದೆಯಿಂದ 'ಕುಂಯ್' ಅನ್ನುತ್ತಿತ್ತು. ಬೋರ್ಡ್ ಕೊಡುವಾಗ ಲೋಹಿತನಿಗೆ ನಗುತ್ತಲೇ ಹೇಳಿದನಂತೆ: "ಒಂದೊಂದೇ ಸ್ವರ ಊದಿಸಿ ಚಿಪ್‌ಗೆ ಹಾಕ್ಕೊಂಡೆ ಕಣಯ್ಯ. ಆಮೇಲೆ ಅವನ್ಯಾಕೆ ಬೇಕು? ದೇವಸ್ಥಾನ, ಛತ್ರ, ಎಲ್ಲಾ ಕಡೆ ನನ್ನ ಕ್ಯಾಸೆಟ್ಟೇ."

ಊದೋಕೆ ಜಾಗವೇ ಇಲ್ಲದೆ ಆಂಜಿನಯ್ಯ ಕೊರಗಿ ಕೊರಗಿ ಸತ್ತ. ನಮ್ಮಮ್ಮನ ಮದುವೆಗೆ ಓಲಗ ಊದಿದವನು. ನನಗೆ ಈಗಲೂ ಹೊಟ್ಟೆ ಉರಿಯುತ್ತೆ.

ಆ ರಾತ್ರಿ ಬಾವಿ ಚಪ್ಪಡಿ ಮೇಲೆ ಯಾರೋ ಒಬ್ಬರು ಮುದುಕರು ಕೂತಿದ್ದರು. ತೊಡೆ ಮೇಲೆ ನಾದಸ್ವರ ಇಡುವಂಥ ಉದ್ದನೆಯ ಖಾಲಿ ಚೀಲ.

"ಹಿಂದಕ್ಕೆ ಕೊಟ್ಬಿಡಪ್ಪ..." ಬ್ಯಾಗಿನ ಕಡೆ ಕೈ ತೋರಿಸಿ ಪಿಸುಗುಟ್ಟಿದರು. "ಅದು ನನ್ನ ಉಸಿರು."

"ನಿಮಗೆ ಕೊಡ್ಲಾ?"

"ನಂಗ್ಯಾಕೆ ಇನ್ನು... ಊದಿಸ್ಕೊಂಡೋರಿಗೇ ಕೊಡು."

ಕುಡಿದಿರಬೇಕು ಅಂದುಕೊಂಡು ಲೋಹಿತ ಮನೆಗೆ ಬಂದ. ಬೋರ್ಡ್ ಕೂರಿಸಿ 'ಸ' ಒತ್ತಿದ. ಮೊದಲು 'ಸುಸ್ಸ್' ಅಂತ ಯಾರೋ ಉಸಿರೆಳೆದ ಸದ್ದು. ಆಮೇಲೆ 'ಪೀಂ...'

ಬೆರಳು ತೆಗೆದ. ನಿಲ್ಲಲಿಲ್ಲ. ಪ್ಲಗ್ ಕಿತ್ತ. ನಿಲ್ಲಲಿಲ್ಲ. ಆಗ ಗೊತ್ತಾಯಿತು... ಆ ಸ್ವರ ನುಡಿಯುವಷ್ಟು ಹೊತ್ತೂ ತನಗೆ ಉಸಿರೆಳೆಯೋಕೆ ಆಗುತ್ತಿಲ್ಲ. ಕಣ್ಣು ಕತ್ತಲೆ ಬಂತು. 'ಕೊಡ್ತೀನಿ' ಅನ್ನೋಕೆ ಬಾಯಿ ಬರಲಿಲ್ಲ. ತಲೆ ಆಡಿಸಿದ.

ನಿಂತಿತು.

ಬೆಳಿಗ್ಗೆ ಬೋರ್ಡ್ ಹಿಡಿದು ವೆಂಕಟಾಚಲನ ಮನೆಗೆ ಓಡಿದ. ಅವನು ಕೇಳಿ ನಕ್ಕ. ತನ್ನ ಹಳೇ ಕಂಪ್ಯೂಟರಿಗೇ ಅದನ್ನು ಹಾಕಿದ.

"ಮುಟ್ಬೇಡಿ ಸಾರ್," ಅಂದ ಲೋಹಿತ.

"ನಾನೇ ಊದಿಸಿದ್ದು ಕಣೋ. ನಂಗೇ ಹೇಳ್ತೀಯಾ?"

ಒತ್ತಿದ. ಸದ್ದೇ ಬರಲಿಲ್ಲ. ಆದರೆ ವೆಂಕಟಾಚಲನ ಕೆನ್ನೆ ಉಬ್ಬಿತು... ನಾದಸ್ವರ ಊದುವವನ ಕೆನ್ನೆ ಉಬ್ಬುತ್ತಲ್ಲ, ಹಾಗೆ. ಕಣ್ಣು ಹೊರಗೆ ಬಂತು. ಕೈ ಬೀಸಿದ. ಲೋಹಿತ ಬೆನ್ನು ತಟ್ಟಿದ, ನೀರು ಹಾಕಿದ, ಕೂಗಿಕೊಂಡ. ಆ ಕೆನ್ನೆ ಇಳಿಯಲೇ ಇಲ್ಲ. ಉಬ್ಬಸ ಜಾಸ್ತಿಯಾಗಿ ಹೋದರು ಅಂದರು ಡಾಕ್ಟರು. ಮಾಡಿದ್ದುಣ್ಣೋ ಮಹರಾಯ ಅಂದೆ ನಾನು.

ತಿಥಿ ಮುಗಿದ ಮೇಲೆ ಅವನ ಮಗಳು ಯಶೋಧರಾ ಬೋರ್ಡನ್ನು ಲೋಹಿತನ ಕೈಗೇ ಕೊಟ್ಟಳು. ಮನೆಯಲ್ಲಿ ಇಟ್ಟುಕೊಳ್ಳೋಕೆ ಆಗಲ್ಲ ಅಂದಳಂತೆ.

ಈಗ ಅದರಲ್ಲಿ ನಾದಸ್ವರ ಇಲ್ಲ. ಯಾವ ಸ್ವರ ಒತ್ತಿದರೂ ಒಂದೇ... 'ಕುಂಯ್... ಕುಂಯ್...' ಉಸಿರಿಗೆ ಪರದಾಡುವ ಎದೆಯ ಸದ್ದು. ಬೆರಳು ತೆಗೆದರೆ ನಿಲ್ಲುತ್ತೆ.

ಸುಳ್ಳು ಅನ್ನೋರು ನಾಳೆ ನನ್ನ ಜೊತೆ ಬನ್ನಿ. ಲೋಹಿತ ಅದನ್ನು ಮುಟ್ಟಲ್ಲ. ನಾನು ಮಾತ್ರ ಹೋದಾಗಲೆಲ್ಲ ಒಂದು ಸಲ ಒತ್ತಿ ಬರುತ್ತೇನೆ.